ಬೀಗದ ಕೈ ಯಾರ ಹತ್ತಿರ?

ನಮ್ಮ ಗಂಜಾಂ ಇರುವುದು ಕಾವೇರಿಯ ದ್ವೀಪದ ಮೇಲೆ. ಮೈಸೂರಿಗೆ ಹೊರಟರೂ ಸೇತುವೆ, ಮಂಡ್ಯಕ್ಕೆ ಹೊರಟರೂ ಸೇತುವೆ. ದಿವಾನ್ ಪೂರ್ಣಯ್ಯನವರ ಕಾಲದಲ್ಲಿ, 1804ರಲ್ಲಿ ಕಟ್ಟಿದ ವೆಲ್ಲೆಸ್ಲಿ ಸೇತುವೆಯ ಕಲ್ಲುಕಂಬಗಳು ಇವತ್ತಿಗೂ ಹೊಳೆಯಲ್ಲಿ ನಿಂತಿವೆ. ಸೇತುವೆ ನೋಡಿಕೊಂಡೇ ಬೆಳೆದವಳಿಗೆ ತಂಗಿಯ ಮಗ ಒಂದು ಹೊಸ ಸೇತುವೆಯ ಸುದ್ದಿ ತಂದ. "ದೊಡ್ಡಮ್ಮ, ನನ್ನ ಕ್ರಿಪ್ಟೊ ದುಡ್ಡನ್ನ ಬ್ರಿಡ್ಜ್ ಮೇಲೆ ಇನ್ನೊಂದು ನೆಟ್‌ವರ್ಕ್‌ಗೆ ದಾಟಿಸ್ತಾ ಇದೀನಿ" ಅಂದ.

ಅವನು ಮೈಸೂರಿನಲ್ಲಿ ಕೆಲಸದಲ್ಲಿದ್ದಾನೆ. ಅವನ ಉಳಿತಾಯ, ತಂಗಿ ಕೊಟ್ಟ ಕಬ್ಬಿನ ದುಡ್ಡು ಎರಡೂ ಸೇರಿ ಸುಮಾರು ನಾಲ್ಕು ಲಕ್ಷ ರೂಪಾಯಿ ಯುಎಸ್‌ಡಿಸಿಯಲ್ಲಿ ಇತ್ತು. ಒಂದು ಅಮೆರಿಕನ್ ಡಾಲರಿಗೆ ಸಮವಾಗಿರುವಂತೆ ನಡೆಸುವ ಡಿಜಿಟಲ್ ನಾಣ್ಯ ಅದು. ಅದು ಇದ್ದದ್ದು ಇಥೀರಿಯಂ ಜಾಲದಲ್ಲಿ. ಅಲ್ಲಿ ಪ್ರತಿ ವ್ಯವಹಾರಕ್ಕೂ ಫೀಸು ಜಾಸ್ತಿ, ಪಾಲಿಗಾನ್ ಜಾಲದಲ್ಲಿ ತೀರಾ ಕಡಿಮೆ. ಅದಕ್ಕೇ ದಾಟಿಸುವ ಯೋಚನೆ. ಕಬ್ಬಿನ ದುಡ್ಡು ಮಗಳ ಮದುವೆಗೆ ಅಂತ ಎತ್ತಿಟ್ಟದ್ದು. ತಂಗಿ ಗಾಬರಿಯಾಗಿ, "ಅಕ್ಕ, ನೀನು ಬ್ಯಾಂಕಲ್ಲಿದ್ದೋಳು, ಒಂಚೂರು ನೋಡು" ಅಂದಳು.

ಕ್ರಿಪ್ಟೊ ನನ್ನ ವಿಷಯವಲ್ಲ. ಆದರೆ ಮೂವತ್ತು ವರ್ಷ ಕ್ಯಾಷ್ ಕೌಂಟರಿನಲ್ಲಿ ಕೂತವಳಿಗೆ ಪ್ರಶ್ನೆ ಕೇಳುವುದು ಗೊತ್ತು. "ನಾಣ್ಯ ಹೇಗಪ್ಪ ದಾಟುತ್ತೆ?" ಅಂದೆ.

ಅವನು ಬಿಡಿಸಿ ಹೇಳಿದಾಗ ತಿಳಿದದ್ದು ಇಷ್ಟು. ಇಥೀರಿಯಂ ಒಂದು ಲೆಡ್ಜರು, ಪಾಲಿಗಾನ್ ಇನ್ನೊಂದು ಲೆಡ್ಜರು. ಒಂದರ ನಾಣ್ಯ ಇನ್ನೊಂದಕ್ಕೆ ಹೋಗುವುದೇ ಇಲ್ಲ. ಬಹಳಷ್ಟು ಬ್ರಿಡ್ಜ್‌ಗಳಲ್ಲಿ ಈ ಕಡೆ ನಮ್ಮ ನಾಣ್ಯಕ್ಕೆ ಬೀಗ ಹಾಕಿ, ಆ ಕಡೆ ಅಷ್ಟೇ ಮೊತ್ತದ ಪ್ರತಿನಾಣ್ಯ ಹುಟ್ಟಿಸುತ್ತಾರೆ. ಒಡವೆ ಅಡವಿಟ್ಟಾಗ ಕೊಡುವ ಚೀಟಿಯ ಹಾಗೆ. ಒಡವೆಯೇ ಕಳುವಾದರೆ ಚೀಟಿ ಇಟ್ಟುಕೊಂಡು ಏನು ಮಾಡುವುದು?

"ಹಾಗಾದ್ರೆ ಆ ಬೀಗದ ಕೈ ಯಾರ ಹತ್ರ ಇರುತ್ತೆ?" ಅಂತ ಕೇಳಿದೆ.

ನಮ್ಮ ಶಾಖೆಯ ಸ್ಟ್ರಾಂಗ್ ರೂಮಿಗೆ ಎರಡು ಬೀಗದ ಕೈ. ಒಂದು ಮ್ಯಾನೇಜರ್ ಹತ್ತಿರ, ಇನ್ನೊಂದು ಹೆಡ್ ಕ್ಯಾಷಿಯರ್ ಹತ್ತಿರ. ಒಬ್ಬರೇ ತೆರೆಯುವಂತಿಲ್ಲ. ಸಂಜೆ ಲೆಕ್ಕ ತಾಳೆಯಾಗದೆ ಯಾರೂ ಮನೆಗೆ ಹೋಗುವಂತಿಲ್ಲ.

ಆಕ್ಸಿ ಇನ್ಫಿನಿಟಿ ಎಂಬ ಆಟಕ್ಕಾಗಿ ಕಟ್ಟಿದ್ದ ರೋನಿನ್ ಬ್ರಿಡ್ಜ್‌ನ ಕಥೆಯನ್ನು ಅವನೇ ಹುಡುಕಿ ಓದಿ ಹೇಳಿದ. ಅಲ್ಲಿ ಒಂಬತ್ತು ಬೀಗದ ಕೈ, ಐದು ಸೇರಿದರೆ ದುಡ್ಡು ಹೊರಗೆ. ಆದರೆ ನಾಲ್ಕು ಒಂದೇ ಕಂಪನಿಯ ಬಳಿ ಇದ್ದವು. ಐದನೆಯದರ ಪರವಾಗಿ ಸಹಿ ಹಾಕಲು ಅದೇ ಕಂಪನಿಗೆ ಹಿಂದೆ ಕೊಟ್ಟಿದ್ದ ಅನುಮತಿಯನ್ನು ಯಾರೂ ತೆಗೆದುಹಾಕಿರಲಿಲ್ಲ. 2022ರ ಮಾರ್ಚ್‌ನಲ್ಲಿ ಕಳ್ಳರು 1,73,600 ಈಥರ್ ಮತ್ತು 2.55 ಕೋಟಿ ಯುಎಸ್‌ಡಿಸಿ ಎತ್ತಿಕೊಂಡು ಹೋದರು. ಆಗಿನ ಬೆಲೆಯಲ್ಲಿ 60 ಕೋಟಿ ಡಾಲರಿಗೂ ಮೇಲೆ. ಗ್ರಾಹಕರೊಬ್ಬರು 5,000 ಈಥರ್ ತೆಗೆಯಲು ಹೋಗಿ ಬಾರದೆ ಇದ್ದಾಗಲೇ ಕಂಪನಿಗೆ ವಿಷಯ ತಿಳಿದದ್ದು. ಅಷ್ಟರಲ್ಲಿ ಆರು ದಿನ ಕಳೆದಿತ್ತು! ಓದುತ್ತಾ ಓದುತ್ತಾ ಹುಡುಗನ ದನಿ ಮೆತ್ತಗಾಯಿತು.

ಅವನು ನೋಡಿಟ್ಟಿದ್ದ ಬ್ರಿಡ್ಜ್‌ನಲ್ಲಿ ಆ ಕಡೆ ಸಿಗುತ್ತಿದ್ದದ್ದು ಅಸಲಿ ಯುಎಸ್‌ಡಿಸಿ ಅಲ್ಲ, ಯುಎಸ್‌ಡಿಸಿ.ಇ ಎಂಬ ಪ್ರತಿನಾಣ್ಯ. ಹೆಸರು ಒಂದೇ ಥರ, ನಾಣ್ಯ ಬೇರೆ. ಇದಕ್ಕೆ ಇನ್ನೊಂದು ದಾರಿಯಿದೆ. ಯುಎಸ್‌ಡಿಸಿ ಹೊರಡಿಸುವ ಸರ್ಕಲ್ ಕಂಪನಿ 2023ರಲ್ಲಿ ಸಿಸಿಟಿಪಿ ಎಂಬ ವ್ಯವಸ್ಥೆ ತಂದಿತು. ಅದರಲ್ಲಿ ಈ ಕಡೆಯ ನಾಣ್ಯವನ್ನು ನಾಶಮಾಡಿ, ಆ ಕಡೆ ಅಸಲಿಯನ್ನೇ ಹೊಸದಾಗಿ ಹುಟ್ಟಿಸುತ್ತಾರೆ. ಬೀಗ ಹಾಕಿಟ್ಟ ರಾಶಿ ಇಲ್ಲದ್ದರಿಂದ ದೋಚುವುದಕ್ಕೂ ರಾಶಿ ಇಲ್ಲ. ನಂಬಬೇಕಾದದ್ದು ಸರ್ಕಲ್ ಅನ್ನು. ಆ ನಾಣ್ಯ ಕೊಂಡಾಗಲೇ ಅದನ್ನು ನಂಬಿ ಆಗಿದೆ. ಆ ದಾರಿಯನ್ನೇ ಆರಿಸಿದೆವು.

ಮುಂದಿನದು ನಮ್ಮ ಬ್ಯಾಂಕಿನ ಹಳೇ ಶಿಸ್ತು. ಗೂಗಲ್‌ನಲ್ಲಿ ಮೇಲೆ ಬರುವ ಜಾಹೀರಾತು ಒತ್ತಲಿಲ್ಲ, ಏಕೆಂದರೆ ನಕಲಿ ಸೈಟುಗಳು ಕಾದು ಕೂರುವುದೇ ಅಲ್ಲಿ. ಅಧಿಕೃತ ಪುಟದಲ್ಲಿದ್ದ ವಿಳಾಸವನ್ನೇ ಬಳಸಿದೆವು. ವಾಲೆಟ್‌ನ ಗುಪ್ತಪದಗಳನ್ನು ಎಲ್ಲೂ ಟೈಪ್ ಮಾಡಲಿಲ್ಲ. ಯಾವ ಬ್ರಿಡ್ಜ್‌ಗೂ ಅವು ಬೇಕಾಗಿಲ್ಲ, ಕೇಳಿದರೆ ಅದು ಮೋಸ ಅಂತಲೇ ಅರ್ಥ. ಅನುಮತಿ ಕೇಳಿದಾಗ ಮಿತಿಯಿಲ್ಲದ ಮೊತ್ತಕ್ಕೆ ಒಪ್ಪದೆ, ಕಳಿಸುವಷ್ಟಕ್ಕೇ ಕೊಟ್ಟೆವು. ಪಾಲಿಗಾನ್‌ನಲ್ಲಿ ಫೀಸು ಕಟ್ಟಲು ಅದರದೇ ಪಿಒಎಲ್ ನಾಣ್ಯ ಬೇಕು, ಇಲ್ಲವಾದರೆ ದುಡ್ಡು ಬಂದರೂ ಅಲುಗಾಡಿಸಲಾಗದು. ಅದನ್ನು ಮೊದಲೇ ಸ್ವಲ್ಪ ಹಾಕಿಟ್ಟ.

"ಮೊದಲು ಇಪ್ಪತ್ತು ಡಾಲರ್ ಕಳಿಸು" ಅಂದೆ.

"ಎರಡೆರಡು ಸಲ ಫೀಸು ಯಾಕೆ ದೊಡ್ಡಮ್ಮ?"

"ನಾಲ್ಕು ಲಕ್ಷ ಹೋದ್ರೆ ನಿಮ್ಮಮ್ಮನಿಗೆ ಏನು ಹೇಳ್ತೀಯ?"

ಕಳಿಸಿದ. ಇಥೀರಿಯಂ ಕಡೆಯ ಖಾತರಿ ಮುಗಿಯುವವರೆಗೆ ಕಾಯಬೇಕು. ಅವನ ಬೆರಳು ಮತ್ತೆ ಮತ್ತೆ ಬಟನ್ ಹತ್ತಿರ ಹೋಗುತ್ತಿತ್ತು. ವ್ಯವಹಾರದ ಸಂಖ್ಯೆಯನ್ನು ನೋಟ್‌ಬುಕ್ಕಿನಲ್ಲಿ ಬರೆಸಿದೆ. ಇಪ್ಪತ್ತು ನಿಮಿಷದ ಹೊತ್ತಿಗೆ ನಾಣ್ಯ ಆ ಕಡೆ ಕಾಣಿಸಿತು. ಅದರ ಕಾಂಟ್ರಾಕ್ಟ್ ವಿಳಾಸವನ್ನು ಸರ್ಕಲ್ ಪ್ರಕಟಿಸಿದ್ದರ ಜೊತೆ ಅಕ್ಷರಕ್ಕೆ ಅಕ್ಷರ ಹೋಲಿಸಿದೆವು. ಅಸಲಿಯೇ.

"ಇನ್ನು ಮಿಕ್ಕಿದ್ದೆಲ್ಲ ಕಳಿಸಲಾ?" ಅಂದ.

"ನಿನ್ನದು ಕಳಿಸು. ಕಬ್ಬಿನ ದುಡ್ಡು ದಾಟೋದು ಬೇಡ, ಮನೆಗೆ ಬರಲಿ" ಅಂದೆ.

ಮುಖ ಊದಿಸಿಕೊಂಡ. ಲಾಭಕ್ಕೆ ಶೇ 30 ತೆರಿಗೆ, ಮಾರಿದರೆ ಶೇ 1 ಟಿಡಿಎಸ್ ಅಂತ ಲೆಕ್ಕ ಒಪ್ಪಿಸಿದ. ಡಾಲರಿಗೆ ಕಟ್ಟಿದ ನಾಣ್ಯದಲ್ಲಿ ಲಾಭವೇ ಅಷ್ಟಕ್ಕಷ್ಟೆ, ಟಿಡಿಎಸ್ ರಿಟರ್ನ್ಸ್‌ನಲ್ಲಿ ಹೊಂದುತ್ತೆ ಅಂತ ನಾನೂ ಲೆಕ್ಕ ಒಪ್ಪಿಸಿದೆ. ಒಂದು ವಾರ ಫೋನ್ ಮಾಡಲಿಲ್ಲ. ಆಮೇಲೆ ಒಂದು ಭಾನುವಾರ ತಾಯಿಯನ್ನೂ ಕರೆದುಕೊಂಡು ನಿಮಿಷಾಂಬ ದೇವಸ್ಥಾನಕ್ಕೆ ಬಂದವನು, ನಮ್ಮ ಮನೆಗೆ ಬಂದು ಅವಳ ಹೆಸರಿನ ಎಫ್‌ಡಿ ರಸೀದಿ ತೋರಿಸಿದ. ತನ್ನ ಪಾಲನ್ನು ಎರಡು ಕಂತಿನಲ್ಲಿ ದಾಟಿಸಿದ್ದನಂತೆ.

ನಿಮ್ಮ ಮನೆಯ ಮಕ್ಕಳೂ ಇಂಥದ್ದರಲ್ಲಿ ಕೈ ಹಾಕಿದ್ದರೆ, ಕಂಪ್ಯೂಟರ್ ಗೊತ್ತಿಲ್ಲ ಅಂತ ಹಿಂದೆ ಸರಿಯಬೇಡಿ. ಪಕ್ಕದಲ್ಲಿ ಕೂತು ಕೇಳಿ. ಮೋಸ ಅನ್ನಿಸಿದರೆ ನಾಳೆಗೆ ಬಿಡದೆ ಸೈಬರ್ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.