ನಿತ್ಯಸಭೆ

ಮನುಷ್ಯನು ಗುಂಪುಗೂಡಿ ಕೆಲಸಮಾಡುವುದನ್ನು ಕಲಿತ ದಿನದಿಂದಲೇ ಸಭೆ ಸೇರುವುದನ್ನೂ ಕಲಿತಿರಬೇಕು. ಸಭೆಯಲ್ಲಿ ಆಕಳಿಸುವುದನ್ನು ಅದರ ಮರುದಿನ ಕಲಿತಿರಬೇಕು. ವರ್ಷಕ್ಕೊಮ್ಮೆ ಸೇರುವ ಸಭೆಯಲ್ಲಿ ಹಾರ, ತುರಾಯಿ, ಉಪಾಹಾರ ಮೊದಲಾದ ಆಕರ್ಷಣೆಗಳಾದರೂ ಇರುತ್ತವೆ. ದಿನವೂ ಸೇರಬೇಕಾದ ಸಭೆಗೆ ಅವು ಯಾವುವೂ ಇಲ್ಲ. ಅವೇ ಮುಖಗಳು, ಅದೇ ಮಾತು, ಅದೇ ಗಡಿಯಾರ. ಈ ವಿಷಯವಾಗಿ ಬರೆಯಲು ನನಗೆ ಅಧಿಕಾರವೇನೆಂದು ವಾಚಕ ಮಹಾಶಯರು ಕೇಳಬಹುದು. ನಾನು ಸಂಸ್ಕೃತವನ್ನು ಓದಿ, ಮೂವತ್ತನಾಲ್ಕು ವರ್ಷ ಉಪಾಧ್ಯಾಯನಾಗಿದ್ದು, ಅದರಲ್ಲಿ ಕೊನೆಯ ಒಂಬತ್ತು ವರ್ಷ ಒಂದು ಪ್ರೌಢಶಾಲೆಯ ಮುಖ್ಯೋಪಾಧ್ಯಾಯನಾಗಿದ್ದು ನಿವೃತ್ತನಾದವನು. ಆ ಒಂಬತ್ತರಲ್ಲಿ ಮೊದಲ ಐದು ವರ್ಷ, ಹದಿನಾರು ಮಂದಿ ಸಹೋದ್ಯೋಗಿಗಳಿಗೆ ದಿನವೂ ತಪ್ಪದೆ ಬೇಸರವನ್ನು ಉಂಟುಮಾಡಿದವನು ನಾನೇ. ನನ್ನ ಅಧಿಕಾರವು ಅಲ್ಲಿಂದ ಬಂದುದು.

ಈ ಹಳೆಯ ಸಂಗತಿಯು ಈಗ ನೆನಪಿಗೆ ಬರಲು ಕಾರಣಳು ನನ್ನ ಸೊಸೆ. ನಾವು ವಾಸವಾಗಿರುವುದು ಬಸವೇಶ್ವರನಗರದಲ್ಲಿ. ಅವಳು ಸಾಫ್ಟ್‌ವೇರ್ ಕಂಪೆನಿಯೊಂದರಲ್ಲಿ ಉದ್ಯೋಗದಲ್ಲಿದ್ದಾಳೆ. ವಾರಕ್ಕೆ ಎರಡು ದಿನ ವಿಜಯನಗರದಲ್ಲಿ ಮೆಟ್ರೋ ಹತ್ತಿ ಊರಿನ ಆ ತುದಿಯ ವೈಟ್‌ಫೀಲ್ಡಿಗೆ ಹೋಗಿಬರುತ್ತಾಳೆ. ಉಳಿದ ದಿನಗಳಲ್ಲಿ, 2020ರ ಸೋಂಕಿನ ಕಾಲದಲ್ಲಿ ಬಂದು ನೆಲೆಯೂರಿದ ಪದ್ಧತಿಯಂತೆ, ಮನೆಯಲ್ಲಿಯೇ ಕೆಲಸ. ಬೆಳಗ್ಗೆ ಒಂಬತ್ತೂವರೆಗೆ ಅವಳ ತಂಡದ ಎಂಟು ಮಂದಿ ಕಂಪ್ಯೂಟರಿನ ಮೂಲಕ ಸಭೆ ಸೇರುತ್ತಾರೆ. ಆ ಸಭೆಗೆ 'ಸ್ಟ್ಯಾಂಡಪ್' ಎಂದು ಹೆಸರು. ನಿಂತು ನಡೆಸುವ ಸಭೆ ಎಂದರ್ಥ. ನಾನು ಕಂಡಂತೆ ಅದರಲ್ಲಿ ನಿಂತವರು ಒಬ್ಬರೂ ಇಲ್ಲ.

ನಾನು ಪಡಸಾಲೆಯಲ್ಲಿ ಪತ್ರಿಕೆ ಓದುತ್ತಿರುವಾಗ ಆ ಸಭೆಯ ಧ್ವನಿಯು ಕಿವಿಗೆ ಬೀಳುತ್ತದೆ. ನಿನ್ನೆ ಇಂಥದನ್ನು ಮಾಡಿದೆನು, ಇಂದು ಅದನ್ನೇ ಮುಂದುವರಿಸುವೆನು, ಅಡ್ಡಿ ಏನೂ ಇಲ್ಲ ಎಂದು ಒಬ್ಬರಾದ ಮೇಲೊಬ್ಬರು ಇಂಗ್ಲಿಷಿನಲ್ಲಿ ಒಪ್ಪಿಸುತ್ತಾರೆ. ಕಳೆದ ಮಾಗಿಯಲ್ಲಿ ಒಂದು ದಿನ ನೋಡುತ್ತೇನೆ, ಸೊಸೆಯು ಕ್ಯಾಮೆರಾ ಮುಚ್ಚಿ, ಮಡಿಲಲ್ಲಿ ಪಾತ್ರೆಯಿಟ್ಟುಕೊಂಡು, ನೆನೆಸಿದ ಅವರೆಕಾಳನ್ನು ಹಿದುಕುತ್ತಿದ್ದಾಳೆ. ಸಭೆ ಮುಗಿಯುವ ವೇಳೆಗೆ ಮನೆಮಂದಿಗೆಲ್ಲ ಸಾಲುವಷ್ಟು ಬೇಳೆ ಸಿದ್ಧವಾಗಿತ್ತು.

"ಹದಿನೈದು ನಿಮಿಷದ ಮೀಟಿಂಗು ಮಾವ, ಮುಕ್ಕಾಲು ಗಂಟೆ ಆಗತ್ತೆ. ನನ್ನ ಸರದಿ ಬಂದಾಗ ಮಾತ್ರ ಎಚ್ಚರವಾಗಿರ್ತೀನಿ" ಎಂದಳು.

"ಇದನ್ನು ನಡೆಸೋರು ಯಾರಮ್ಮ?" ಎಂದು ಕೇಳಿದೆನು.

ಸ್ವಲ್ಪ ಹೊತ್ತು ಸುಮ್ಮನಿದ್ದು, "ನಾನೇ" ಎಂದಳು.

ನಾನು ನಕ್ಕೆನು. ಆದರೆ ಆ ನಗು ಬಹಳ ಹೊತ್ತು ನಿಲ್ಲಲಿಲ್ಲ.

ಅಂದು ಈ ಪದ್ಧತಿಯ ಮೂಲವನ್ನು ಅವಳಿಂದಲೇ ಕೇಳಿ ತಿಳಿದೆನು. ಅಮೆರಿಕದ ಜೆಫ್ ಸದರ್ಲೆಂಡ್ ಎಂಬವರು 1993ರಲ್ಲಿ ತಮ್ಮ ತಂಡದೊಡನೆ ಇದನ್ನು ಆರಂಭಿಸಿದರಂತೆ. 1995ರಲ್ಲಿ ಅವರೂ ಕೆನ್ ಶ್ವೇಬರ್ ಎಂಬವರೂ ಸೇರಿ 'ಸ್ಕ್ರಮ್' ಎಂಬ ಹೆಸರಿನಿಂದ ಈ ಕಾರ್ಯಕ್ರಮವನ್ನು ಲೋಕದ ಮುಂದಿಟ್ಟರು. ಸಭೆಯು ಹದಿನೈದು ನಿಮಿಷಕ್ಕೆ ಮೀರಕೂಡದೆಂಬುದು ಅವರ ನಿಯಮ. ನಿನ್ನೆ ಏನು, ಇಂದು ಏನು, ಅಡ್ಡಿ ಏನು ಎಂಬ ಮೂರು ಪ್ರಶ್ನೆಗಳನ್ನು ಅವರ ಕೈಪಿಡಿಯು ಬಹುಕಾಲ ಹೇಳುತ್ತ ಬಂದು, 2020ರ ಪರಿಷ್ಕರಣದಲ್ಲಿ ಅವನ್ನು ಬಿಟ್ಟುಬಿಟ್ಟಿತು. ಕರ್ತರೇ ಬಿಟ್ಟ ಪ್ರಶ್ನೆಗಳನ್ನು ಶಿಷ್ಯರು ಇನ್ನೂ ಮಂತ್ರದಂತೆ ಜಪಿಸುತ್ತಿದ್ದಾರೆ. ಇಂಥ ಅವಸ್ಥೆಯು ಶಾಸ್ತ್ರ ಓದಿದವರಿಗೆ ಹೊಸದಲ್ಲ.

ನಿಲ್ಲುವುದರಿಂದ ಪ್ರಯೋಜನವಿಲ್ಲವೆಂದಲ್ಲ. ಬ್ಲೂಡಾರ್ನ್ ಎಂಬ ವಿದ್ವಾಂಸರೂ ಅವರ ಸಹೋದ್ಯೋಗಿಗಳೂ 1999ರಲ್ಲಿ ಪ್ರಕಟಿಸಿದ ಪರೀಕ್ಷೆಯೊಂದರಲ್ಲಿ, ಕುಳಿತು ನಡೆಸಿದ ಸಭೆಗಳು ನಿಂತು ನಡೆಸಿದವುಗಳಿಗಿಂತ ನೂರಕ್ಕೆ 34ರಷ್ಟು ದೀರ್ಘವಾಗಿದ್ದುವು. ತೀರ್ಮಾನಗಳು ಮಾತ್ರ ಅಷ್ಟರಿಂದ ಉತ್ತಮವಾಗಲಿಲ್ಲ. ನಮ್ಮ ಸಂಸ್ಕೃತ ಶಬ್ದಗಳಲ್ಲಿಯೂ ಈ ಎರಡು ಪಕ್ಷಗಳಿವೆ. ಪರಿಷತ್, ಸಂಸತ್, ಸದನ ಎಂಬವು 'ಸದ್' ಎಂಬ ಧಾತುವಿನಿಂದ ಬಂದುವು; ಕುಳಿತುಕೊಳ್ಳುವುದೆಂದು ಅದರ ಅರ್ಥ. ಗೋಷ್ಠಿ, ಆಸ್ಥಾನ ಎಂಬವು 'ಸ್ಥಾ', ಎಂದರೆ ನಿಲ್ಲು, ಎಂಬ ಧಾತುವಿನಿಂದ ಬಂದುವು. ಗೋಷ್ಠವೆಂದರೆ ದನಗಳು ನಿಲ್ಲುವ ಕೊಟ್ಟಿಗೆ. ವಿದ್ವಾಂಸರ ಗೋಷ್ಠಿಗೆ ಹೆಸರು ಬಂದುದು ಅಲ್ಲಿಂದ. ಕೊಟ್ಟಿಗೆಯಲ್ಲಿ ನಿಂತ ದನವೂ ಮೆಲುಕು ಹಾಕುತ್ತದೆಯಾದ್ದರಿಂದ, ನಿಂತಮಾತ್ರಕ್ಕೆ ಬೇಸರವು ಹೋಗುವುದೆಂದು ಹೇಳಲಾಗದು. ಇದನ್ನು ನಾನು ಸ್ವಂತ ಅನುಭವದಿಂದ ಬಲ್ಲೆನು.

ನನ್ನ ಶಾಲೆಯು ನಗರದ ಈ ಪಶ್ಚಿಮಭಾಗದಲ್ಲಿಯೇ ಇತ್ತು. ಅದರ ಹೆಸರು ಬೇಡ. ದೋಷವು ಶಾಲೆಯದಲ್ಲ, ನನ್ನದು. ಬೆಳಗ್ಗೆ ಒಂಬತ್ತೂ ಮುಕ್ಕಾಲಿಗೆ ಉಪಾಧ್ಯಾಯರೆಲ್ಲರೂ ನನ್ನ ಕೊಠಡಿಯಲ್ಲಿ ಸೇರತಕ್ಕುದೆಂದು ಕಟ್ಟಳೆ ಮಾಡಿದ್ದೆನು. ಹತ್ತಕ್ಕೆ ಪ್ರಾರ್ಥನೆಯ ಗಂಟೆ. ಕೊಠಡಿಯಲ್ಲಿ ಕುರ್ಚಿಗಳು ನಾಲ್ಕೇ ಇದ್ದುದರಿಂದ ಬಹುಮಂದಿ ನಿಂತೇ ಇರುತ್ತಿದ್ದರು. ಮೊದಲು ನಾನು ಮೇಲಿನ ಕಚೇರಿಯಿಂದ ಬಂದ ಸುತ್ತೋಲೆಗಳನ್ನು ಓದುವೆನು. ಓದಿದ ಮೇಲೆ ಅರ್ಥವನ್ನು ವಿವರಿಸುವೆನು. ವ್ಯಾಖ್ಯಾನ ಮಾಡುವುದು ನನ್ನ ಓದಿನಿಂದ ಅಂಟಿದ ಚಾಳಿ. ಮೂಲಕ್ಕಿಂತ ಟೀಕೆಯೇ ದೀರ್ಘವಾಗುತ್ತಿತ್ತು. ತರುವಾಯ ಒಬ್ಬೊಬ್ಬರನ್ನೂ "ಪಾಠ ಎಲ್ಲಿಗೆ ಬಂತು?" ಎಂದು ಕೇಳುವೆನು. "ನಡೀತಾ ಇದೆ ಸಾರ್" ಎಂದು ಉತ್ತರ ಬರುವುದು. ಹದಿನಾರು ಬಾರಿ ಇದೇ ಉತ್ತರವನ್ನು ಕೇಳಿ, ಶಾಲೆಯ ಆಡಳಿತವು ನನ್ನ ಮುಷ್ಟಿಯಲ್ಲಿದೆಯೆಂದು ಸಂತೋಷಪಡುತ್ತಿದ್ದೆನು.

ಆ ಕಾಲದಲ್ಲಿ ಒಂಬತ್ತನೆಯ ತರಗತಿಯಲ್ಲಿ ಒಬ್ಬ ಹುಡುಗನಿದ್ದನು. ಅವನು ತರಗತಿಯಲ್ಲಿ ತೂಕಡಿಸುವುದನ್ನು ಗಣಿತದ ಉಪಾಧ್ಯಾಯಿನಿಯು ಕಂಡಿದ್ದಳು. ಒಂದು ದಿನ ಆಟದ ಬಯಲಿನಲ್ಲಿ ತಲೆತಿರುಗಿ ಕುಸಿದುದು ವ್ಯಾಯಾಮದ ಮೇಷ್ಟರಿಗೆ ಗೊತ್ತಿತ್ತು. ಅವನ ತಂದೆಯು ಕಟ್ಟಡದ ಕೆಲಸದಲ್ಲಿ ಬಿದ್ದು ಕಾಲು ಮುರಿದುಕೊಂಡು ಮಲಗಿರುವ ಸಂಗತಿಯು, ಹುಡುಗನು ಬರೆದ ಪ್ರಬಂಧದಿಂದ ಕನ್ನಡ ಪಂಡಿತರಿಗೆ ತಿಳಿದಿತ್ತು. ಕಾಮಾಕ್ಷಿಪಾಳ್ಯದ ಒಂದು ಸಣ್ಣ ಕಾರ್ಖಾನೆಗೆ ಅವನು ರಾತ್ರಿ ಹನ್ನೊಂದರವರೆಗೆ ಕೆಲಸಕ್ಕೆ ಹೋಗುತ್ತಾನೆಂಬುದನ್ನು, ಅದೇ ಓಣಿಯಲ್ಲಿ ವಾಸವಾಗಿದ್ದ ನಮ್ಮ ಜವಾನನು ಬಲ್ಲನು. ಈ ನಾಲ್ವರೂ ದಿನವೂ ಬೆಳಗ್ಗೆ ಒಂದೇ ಕೊಠಡಿಯಲ್ಲಿ ಇರುತ್ತಿದ್ದರು. ಜವಾನನು ಹಾಜರಿ ಪುಸ್ತಕ ಹಿಡಿದು ಬಾಗಿಲ ಬಳಿ ನಿಂತಿರುತ್ತಿದ್ದನು. ಒಬ್ಬರಿಗೆ ತಿಳಿದುದು ಮತ್ತೊಬ್ಬರಿಗೆ ತಿಳಿಯಲಿಲ್ಲ. ಗಣಿತದ ಉಪಾಧ್ಯಾಯಿನಿಯು, ಆಗಿನ್ನೂ ಹೊಸಬಳು, ಎರಡು ಸಲ "ಸಾರ್, ಒಂಬತ್ತನೇ ಕ್ಲಾಸಿನ ಒಬ್ಬ ಹುಡುಗ" ಎಂದು ಮಾತು ತೆಗೆದಳು. ನಾನು ಎರಡು ಸಲವೂ "ಅದನ್ನು ಆಮೇಲೆ ನೋಡೋಣಮ್ಮ" ಎಂದೆನು. ಎರಡನೆಯ ಸಲ ಹಾಗೆಂದ ದಿನ ನಾವು ಸೈಕಲ್ ನಿಲ್ಲಿಸುವ ಚಪ್ಪರಕ್ಕೆ ಯಾವ ತಗಡು ಹೊದಿಸಬೇಕೆಂದು ಹತ್ತು ನಿಮಿಷ ಚರ್ಚೆ ಮಾಡಿದೆವು. ಪಾರ್ಕಿನ್ಸನ್ ಎಂಬ ಆಂಗ್ಲ ಲೇಖಕರು 1957ರಲ್ಲಿ ಪ್ರಕಟಿಸಿದ ತಮ್ಮ ಗ್ರಂಥದಲ್ಲಿ, ಅಣುಸ್ಥಾವರವನ್ನು ಕ್ಷಣಮಾತ್ರದಲ್ಲಿ ಒಪ್ಪಿ ಸೈಕಲ್ ಚಪ್ಪರವನ್ನು ಕುರಿತು ಮುಕ್ಕಾಲು ಗಂಟೆ ವಾದಿಸುವ ಸಮಿತಿಯೊಂದನ್ನು ಹಾಸ್ಯಮಾಡಿದ್ದಾರೆ. ಅದನ್ನು ನಾನು ಬಹುಕಾಲದ ಮೇಲೆ ಓದಿದೆನು; ನನಗೆ ನಗು ಬರಲಿಲ್ಲ.

ಹುಡುಗನು ಶಾಲೆಗೆ ಬರುವುದನ್ನು ನಿಲ್ಲಿಸಿದನು. ಒಂದು ವಾರ ಕಳೆದ ಮೇಲೆ ನಾನೂ ಕನ್ನಡ ಪಂಡಿತರೂ ಅವನ ಮನೆಯನ್ನು ಹುಡುಕಿಕೊಂಡು ಹೋದೆವು. ಬಾಗಿಲಿಗೆ ಬೀಗ ಹಾಕಿತ್ತು. ಬಾಡಿಗೆ ಕಟ್ಟಲಾಗದೆ ಸಂಸಾರವೇ ರಾಯಚೂರಿನ ಕಡೆಯ ತಮ್ಮ ಊರಿಗೆ ಹೊರಟುಹೋಯಿತೆಂದು ನೆರೆಯವರು ಹೇಳಿದರು. ದಾಖಲೆಯಲ್ಲಿದ್ದ ಊರಿಗೆ ಎರಡು ಕಾಗದ ಬರೆದೆನು, ಉತ್ತರ ಬರಲಿಲ್ಲ. ಹಿಂದಿರುಗುವಾಗ ದಾರಿಯಲ್ಲಿ ಪಂಡಿತರು ಪ್ರಬಂಧದ ಸಂಗತಿಯನ್ನು ಹೇಳಿದರು. ಮರುದಿನ ಉಳಿದ ಮೂವರು ತಮಗೆ ತಿಳಿದುದನ್ನು ಹೇಳಿದರು. ನಾಲ್ಕು ತುಂಡುಗಳೂ ಅಂದು ಮೊದಲ ಬಾರಿಗೆ ಒಂದಾಗಿ ಕೂಡಿದುವು. ಮೂರು ವಾರ ಮೊದಲು ಕೂಡಿದ್ದರೆ, ಹಿತೈಷಿಗಳಿಂದ ಬಾಡಿಗೆಗೆ ಒಂದಿಷ್ಟು ಹಣ ಕೂಡಿಸುವುದೋ, ತಂದೆಯ ಚಿಕಿತ್ಸೆಗೆ ದಾರಿ ಹುಡುಕುವುದೋ ನಮ್ಮಿಂದ ಆಗದ ಕೆಲಸವಾಗಿರಲಿಲ್ಲ. "ನಾನು ಹೇಳಬೇಕು ಅಂತಿದ್ದೆ ಸಾರ್" ಎಂದು ಆ ಉಪಾಧ್ಯಾಯಿನಿಯು ಮೆಲ್ಲಗೆ ಅಂದಳು. ಅದರಲ್ಲಿ ಆಕ್ಷೇಪಣೆ ಇರಲಿಲ್ಲ. ಇದ್ದಿದ್ದರೆ ನನಗೆ ಇಷ್ಟು ದಿನ ನೆನಪಿರುತ್ತಿರಲಿಲ್ಲವೋ ಏನೋ.

ನಮ್ಮ ನೆರೆಯಲ್ಲಿ, ರಾಜಾಜಿನಗರದ ಕೈಗಾರಿಕಾ ಪ್ರದೇಶದ ಒಂದು ಯಂತ್ರಶಾಲೆಯಲ್ಲಿ ಫೋರ್‌ಮನ್ ಆಗಿದ್ದವರೊಬ್ಬರು ಇದ್ದರು. ಸಂಜೆ ಉದ್ಯಾನದಲ್ಲಿ ಜೊತೆಯಾಗಿ ತಿರುಗಾಡುತ್ತಿದ್ದೆವು. ನನ್ನ ಮನಸ್ಸಿನ ಭಾರವನ್ನು ಅವರಲ್ಲಿ ಹೇಳಿಕೊಂಡೆನು. ಅವರು ಹೇಳಿದರು: "ನಮ್ಮಲ್ಲಿ ಬೆಳಗ್ಗೆ ಲೇತ್ ಪಕ್ಕ ನಿಂತು ಐದೇ ನಿಮಿಷ, ಮೇಷ್ಟ್ರೇ. ಯಾರು ಏನು ಮಾಡಿದ್ರಿ ಅಂತ ನಾನು ಕೇಳೋದೇ ಇಲ್ಲ. ಅದು ಟ್ರೇನಲ್ಲೇ ಕಾಣತ್ತೆ. ಯಾವ ಕೆಲಸ ನಿಂತಿದೆ ಅಂತ ಕೇಳ್ತೀನಿ. ಟೂಲ್ ಇಲ್ಲ ಅಂತಾನೆ, ಡ್ರಾಯಿಂಗ್ ಅರ್ಥವಾಗಿಲ್ಲ ಅಂತಾನೆ. ಪಕ್ಕದಲ್ಲಿರೋನೇ ಉತ್ತರ ಹೇಳ್ತಾನೆ. ನನಗೆ ಕೆಲಸವೇ ಇರಲ್ಲ."

ಶಾಸ್ತ್ರಗ್ರಂಥಗಳಲ್ಲಿ ನಾನು ಕಾಣದಿದ್ದ ಸೂತ್ರವು ಇದರಲ್ಲಿತ್ತು. ಕಣ್ಣಿಗೆ ಕಾಣುವುದನ್ನು ಸಭೆಯಲ್ಲಿ ಹೇಳಬೇಕಾಗಿಲ್ಲ. ಕಾಣದೆ ಅಡಗಿರುವುದನ್ನು ಹೇಳುವುದಕ್ಕೇ ಸಭೆ. ನನ್ನ ಸಭೆಯಲ್ಲಿ ಹದಿನಾರು ಮಂದಿಯೂ ನನ್ನ ಮುಖವನ್ನು ನೋಡಿ ಮಾತನಾಡುತ್ತಿದ್ದರೇ ಹೊರತು ಒಬ್ಬರ ಮುಖವನ್ನೊಬ್ಬರು ನೋಡುತ್ತಿರಲಿಲ್ಲ. ಯಜಮಾನನಿಗೆ ಲೆಕ್ಕ ಒಪ್ಪಿಸುವ ಸಭೆಯಲ್ಲಿ, ತನ್ನ ಸರದಿಯ ಅರ್ಧ ನಿಮಿಷವನ್ನು ಬಿಟ್ಟರೆ ಉಳಿದ ಕಾಲವೆಲ್ಲ ಪ್ರತಿಯೊಬ್ಬನಿಗೂ ವ್ಯರ್ಥ. ಬೇಸರ ಹುಟ್ಟುವುದು ಅಲ್ಲಿಯೇ. ಬೇಸರವು ಬರಿಯ ಆಕಳಿಕೆಯಲ್ಲಿ ನಿಂತರೆ ಚಿಂತೆಯಿಲ್ಲ. ಹೇಳಬೇಕಾದುದಿದ್ದವನು ಹೇಳದೆ ಹೋಗುವಂತೆಯೂ ಅದು ಮಾಡುತ್ತದೆ.

ಮರುವಾರದಿಂದ ಸಭೆಯ ಕ್ರಮವನ್ನು ಬದಲಾಯಿಸಿದೆನು. ಸುತ್ತೋಲೆಗಳು ಗೋಡೆಯ ಹಲಗೆಗೆ ಹೋದುವು; ಓದಿದವರು ಸಹಿ ಮಾಡಿದರೆ ಸಾಕು. ಪ್ರಶ್ನೆ ಒಂದೇ ಉಳಿಯಿತು: ಇಂದು ಯಾವ ಮಗುವಿನ ಯೋಚನೆ ನಿಮಗಿದೆ, ಯಾರ ನೆರವು ಬೇಕು? ಏನೂ ಇಲ್ಲದವರು 'ಇಲ್ಲ' ಎಂದರೆ ಮುಗಿಯಿತು; ಅದರಲ್ಲಿ ಕುಂದಿಲ್ಲ. ಇಬ್ಬರಿಗೆ ಮಾತ್ರ ಸಂಬಂಧಿಸಿದ ವಿಷಯವನ್ನು ಆ ಇಬ್ಬರೂ ಆಮೇಲೆ ಜಗಲಿಯಲ್ಲಿ ಮಾತನಾಡತಕ್ಕುದು. ಜವಾನನೂ ಒಳಗೆ ಬಂದು ನಿಲ್ಲತಕ್ಕುದು, ಮಾತನಾಡಲೂ ತಕ್ಕುದು. ಆರಂಭವು ಎಲ್ಲರಿಗಿಂತ ಕಿರಿಯರಿಂದ, ಮುಖ್ಯೋಪಾಧ್ಯಾಯನು ಕೊನೆಯಲ್ಲಿ. ಯೆಹೂದ್ಯರ ಪ್ರಾಚೀನ ನ್ಯಾಯಸಭೆಯಲ್ಲಿ ಪ್ರಾಣದಂಡನೆಯ ವಿಚಾರ ಬಂದಾಗ ಅಭಿಪ್ರಾಯವನ್ನು ಕಿರಿಯರಿಂದ ಕೇಳತೊಡಗುತ್ತಿದ್ದರೆಂದು ಅವರ ಧರ್ಮಶಾಸ್ತ್ರವು ಹೇಳುತ್ತದೆ. ಹಿರಿಯನು ಒಮ್ಮೆ ಬಾಯಿಬಿಟ್ಟರೆ ಕಿರಿಯರಿಗೆ ಬೇರೆ ಅಭಿಪ್ರಾಯವಿರುವುದಿಲ್ಲವೆಂಬುದು ಎಲ್ಲ ದೇಶದ ಅನುಭವ.

ಮೊದಲ ಕೆಲವು ದಿನ ಎಲ್ಲರೂ ಸಂಕೋಚದಿಂದ ಮೌನವಾಗಿದ್ದರು. ಆ ಮೌನವನ್ನು ನನ್ನ ವ್ಯಾಖ್ಯಾನದಿಂದ ತುಂಬದೆ ತಡೆದುಕೊಂಡುದು ನನ್ನ ವೃತ್ತಿಜೀವನದ ಕಠಿನವಾದ ತಪಸ್ಸುಗಳಲ್ಲಿ ಒಂದು. ಆಮೇಲೆ ಮಾತು ಹೊರಟಿತು. ಎಂಟನೆಯ ತರಗತಿಯ ಹುಡುಗಿಯೊಬ್ಬಳು ಸೋಮಾರಿಯೆಂದು ಇಬ್ಬರು ಭಾವಿಸಿದ್ದರು. ಅವಳಿಗೆ ಹಲಗೆಯ ಮೇಲಿನ ಅಕ್ಷರ ಕಾಣದೆಂದು ಮೂರನೆಯವರು ಹೇಳಿದರು. ಒಂದು ಜೊತೆ ಕನ್ನಡಕದಿಂದ ಸೋಮಾರಿತನವು ಹೋಯಿತು. ಅನೇಕ ದಿನ ಸಭೆಯು ನಾಲ್ಕೇ ನಿಮಿಷಗಳಲ್ಲಿ ಮುಗಿಯುತ್ತಿತ್ತು. ಹಾಗೆ ಮುಗಿದ ದಿನ ಉಪಾಧ್ಯಾಯರು ಹೋಗದೆ ನಿಂತು ಮಾತನಾಡುತ್ತಿದ್ದರು. ಹಿಂದಿನ ಐದು ವರ್ಷಗಳಲ್ಲಿ ನಾನು ಅದನ್ನು ಕಂಡಿರಲಿಲ್ಲ.

ನಮ್ಮ ಬಡಾವಣೆಯು ಯಾವ ಮಹಾಪುರುಷನ ಹೆಸರನ್ನು ಹೊತ್ತಿದೆಯೋ ಆತನ ಕಾಲದ ಸಭೆಯೊಂದನ್ನು ಇಲ್ಲಿ ನೆನೆಯದೆ ಇರಲಾರೆನು. ಹನ್ನೆರಡನೆಯ ಶತಮಾನದ ಕಲ್ಯಾಣದ ಅನುಭವಗೋಷ್ಠಿಯನ್ನು, ಹದಿನೈದನೆಯ ಶತಮಾನದಲ್ಲಿ ಸಂಕಲಿತವಾಗತೊಡಗಿದ ಶೂನ್ಯಸಂಪಾದನೆಯು ಚಿತ್ರಿಸುತ್ತದೆ. ಶೂನ್ಯಸಿಂಹಾಸನದ ಮೇಲೆ ಅಲ್ಲಮಪ್ರಭು. ಅವನ ಮುಂದೆ ಬಟ್ಟೆ ಮಡಿಮಾಡುವ ಮಾಚಯ್ಯ, ಅಕ್ಕಿ ಆಯುವ ಮಾರಯ್ಯ ಮತ್ತು ಅವನ ಹೆಂಡತಿ ಲಕ್ಕಮ್ಮ. ಅಲ್ಲಿನ ಅಧ್ಯಕ್ಷನು ವರದಿಯನ್ನು ಕೇಳುವುದಿಲ್ಲ; ಎದುರಿಗಿರುವವರ ಒಳಗಿನ ಗಂಟು ಎಲ್ಲಿದೆಯೆಂದು ಕೇಳುತ್ತಾನೆ. ನಮ್ಮ ಬೆಳಗಿನ ಸಭೆಗಳನ್ನು ಅದಕ್ಕೆ ಹೋಲಿಸುವುದು ಸಾಹಸವಾದೀತು. ಆದರೂ ಕೆಲಸಮಾಡುವ ಕೈಗಳೇ ಮಾತನಾಡುವ ಸಭೆಯು ಈ ನಾಡಿಗೆ ಪರದೇಶದಿಂದ ಬರಬೇಕಾಗಿರಲಿಲ್ಲ.

ಇದನ್ನೆಲ್ಲ ಸೊಸೆಗೆ ಒಂದು ರಾತ್ರಿ ಊಟವಾದ ಮೇಲೆ ಹೇಳಿದೆನು. ಹುಡುಗನ ಸಂಗತಿಯನ್ನು ಮನೆಯಲ್ಲಿ ಹೇಳಿದುದು ಅದೇ ಮೊದಲು. ಅವಳು ಏನೂ ಅನ್ನದೆ ಎದ್ದುಹೋದಳು. ಮರುದಿನ ಅವಳ ಸಭೆಯಲ್ಲಿ ಬೇರೆ ಮಾತು ಕೇಳಿಸಿತು. ಮಾಡಿದ ಕೆಲಸದ ಲೆಕ್ಕವನ್ನು ಎಲ್ಲರೂ ಮೊದಲೇ ಬರೆದಿಟ್ಟಿರಬೇಕೆಂದೂ, ಸಭೆಯಲ್ಲಿ ಯಾವುದು ನಿಂತಿದೆಯೆಂದು ಮಾತ್ರ ಹೇಳಬೇಕೆಂದೂ ಏರ್ಪಡಿಸಿದಳು. ಮೂರನೆಯ ವಾರದಲ್ಲಿ, ಹುಬ್ಬಳ್ಳಿಯ ಕಡೆಯ ಒಬ್ಬ ಹೊಸ ಹುಡುಗನು, ತಾನು ಆರು ದಿನಗಳಿಂದ ಒಂದೇ ತೊಡಕಿನಲ್ಲಿ ಸಿಕ್ಕಿಕೊಂಡಿರುವೆನೆಂದು ಒಪ್ಪಿಕೊಂಡನು. ಆ ಆರು ದಿನವೂ ಅವನು 'ಅಡ್ಡಿ ಏನೂ ಇಲ್ಲ' ಎಂದೇ ಹೇಳಿದ್ದನು. ತಂಡದ ಮತ್ತೊಬ್ಬಳಿಗೆ ಹಿಂದಿನ ವರ್ಷ ಅದೇ ತೊಡಕು ಬಂದಿತ್ತಂತೆ. ಅಂದು ಸಂಜೆಯೊಳಗೆ ಬಿಡಿಸಿಕೊಟ್ಟಳು. "ಪಾಪ, ಕೆಲಸ ಹೋಗತ್ತೆ ಅಂತ ಹೆದರಿಕೊಂಡಿದ್ದ, ಮಾವ" ಎಂದಳು ಸೊಸೆ.

ಈಗ ಅವಳ ಸಭೆಯು ಹತ್ತು ಹನ್ನೆರಡು ನಿಮಿಷಗಳಲ್ಲಿ ಮುಗಿಯುತ್ತದೆ. ಅವರೆಕಾಳನ್ನು ಹಿದುಕುವ ಕೆಲಸವು ನನಗೂ ನನ್ನ ಹೆಂಡತಿಗೂ ಬಂದಿದೆ. ಕಾಳು ಹಿದುಕುತ್ತ ಒಮ್ಮೊಮ್ಮೆ ಆ ಒಂಬತ್ತನೆಯ ತರಗತಿಯ ಹುಡುಗನನ್ನು ನೆನೆಯುತ್ತೇನೆ. ಅವನಿಗೆ ಈಗ ಇಪ್ಪತ್ತು ದಾಟಿರಬೇಕು. ಎಲ್ಲಿದ್ದಾನೋ, ಏನು ಮಾಡುತ್ತಿದ್ದಾನೋ ನಾನರಿಯೆನು. ಈ ಪತ್ರಿಕೆಯನ್ನು ಓದುವ ಗೃಹಸ್ಥರಲ್ಲಿ ಕಚೇರಿಯನ್ನೋ, ಅಂಗಡಿಯನ್ನೋ, ಶಾಲೆಯನ್ನೋ ನಡೆಸುವವರು ಹಲವರಿರಬಹುದು. ನಾಳೆ ಬೆಳಗ್ಗೆ ತಮ್ಮವರು ಸೇರಿದಾಗ, ಎಲ್ಲರಿಗಿಂತ ಕಿರಿಯನಾದವನು ಏನನ್ನಾದರೂ ಹೇಳಲು ಮೊದಲುಮಾಡಿದರೆ, 'ಆಮೇಲೆ ನೋಡೋಣ' ಎಂಬ ಮಾತನ್ನು ಮಾತ್ರ ಅವರು ಆಡದಿರಲಿ ಎಂದು ಬೇಡುತ್ತೇನೆ.