ಸುಮ್ಮನೆ ನಿಂತ ಸಿಲಿಂಡರು

ಆಸ್ಪತ್ರೆಯ ಮೂಲೆಯಲ್ಲಿ, ವೆಲ್ಡಿಂಗ್ ಅಂಗಡಿಯ ಮುಂದೆ, ಜಾತ್ರೆಯ ಬಲೂನು ಗಾಡಿಯ ಮೇಲೆ, ಎಲ್ಲಿ ಕಂಡರೂ ಗ್ಯಾಸ್ ಸಿಲಿಂಡರು ಬಹಳ ಸಾಧು ವಸ್ತು. ಸದ್ದಿಲ್ಲ, ಹೊಗೆಯಿಲ್ಲ. ಕರೆಂಟಿನ ತಂತಿ ಮುಟ್ಟಬೇಡವೆಂದು ಮಗನನ್ನು ಗದರಿಸುವ ತಂದೆ, ಅದೇ ಮಗ ಸಿಲಿಂಡರಿಗೆ ಒರಗಿ ನಿಂತರೆ ಸುಮ್ಮನಿರುತ್ತಾನೆ. ಒಳಗಿರುವುದು ಹತ್ತಿ ಉರಿಯುವ ಅನಿಲವಲ್ಲ ಎಂದು ತಿಳಿದರಂತೂ ಇದ್ದ ಭಯವೂ ಹೋಗುತ್ತದೆ. ಎಡವುವುದು ಇಲ್ಲಿಯೇ. ಅಧಿಕ ಒತ್ತಡದ ಸಿಲಿಂಡರು ಸಿಡಿಯಲು ಬೆಂಕಿಯೇ ಬೇಕೆಂದಿಲ್ಲ, ಅದರ ಗೋಡೆ ಸೋತರೆ ಸಾಕು.

ಒಂದು ಸಣ್ಣ ಲೆಕ್ಕ. ಕಾರಿನ ಟಯರಿನಲ್ಲಿ ಗಾಳಿಯ ಒತ್ತಡ ಚದರ ಸೆಂಟಿಮೀಟರಿಗೆ ಸುಮಾರು 2 ಕಿಲೋಗ್ರಾಂ ಭಾರದಷ್ಟು. ಆಸ್ಪತ್ರೆಯ ದೊಡ್ಡ ಆಮ್ಲಜನಕದ ಸಿಲಿಂಡರು ತುಂಬಿದಾಗ ಅದು ಸುಮಾರು 150. ಅಂದರೆ ಕಿರುಬೆರಳಿನ ಉಗುರಿನಷ್ಟು ಜಾಗದ ಮೇಲೆ ಒಂದೂವರೆ ಕ್ವಿಂಟಲ್ ಭಾರ! ಸುಮಾರು 47 ಲೀಟರ್ ನೀರು ಹಿಡಿಯುವ ಪಾತ್ರೆಯೊಳಗೆ 7,000 ಲೀಟರಿನಷ್ಟು ಅನಿಲವನ್ನು ಅದುಮಿ ಇಟ್ಟಿರುತ್ತಾರೆ. ಅದು ಹಗಲೂ ಇರುಳೂ ಹೊರಗೆ ಬರಲು ಹವಣಿಸುತ್ತಲೇ ಇರುತ್ತದೆ.

ಹೊರಗೆ ಬಂದರೆ ಏನಾದೀತು? 2008ರ ಜುಲೈ 25ರಂದು ಕ್ವಾಂಟಾಸ್ ಸಂಸ್ಥೆಯ ಬೋಯಿಂಗ್ 747 ವಿಮಾನವೊಂದು 369 ಜನರನ್ನು ಹೊತ್ತು ಹಾಂಗ್‌ಕಾಂಗ್‌ನಿಂದ ಮೆಲ್ಬರ್ನ್‌ಗೆ ಹೊರಟಿತ್ತು. ಸುಮಾರು 29,000 ಅಡಿ ಎತ್ತರದಲ್ಲಿ, ಪ್ರಯಾಣಿಕರ ತುರ್ತು ಬಳಕೆಗೆಂದು ಇಟ್ಟಿದ್ದ ಆಮ್ಲಜನಕದ ಸಿಲಿಂಡರುಗಳಲ್ಲಿ ಒಂದು ತಳದಲ್ಲಿ ಒಡೆಯಿತು. ವಿಮಾನದ ಪಕ್ಕೆಯಲ್ಲಿ ಆಳು ನುಗ್ಗುವಷ್ಟು ದೊಡ್ಡ ರಂಧ್ರವಾಯಿತು. ಸಿಲಿಂಡರು ರಾಕೆಟ್ಟಿನಂತೆ ಮೇಲಕ್ಕೆ ಚಿಮ್ಮಿ, ನೆಲವನ್ನು ಸೀಳಿ, ಬಾಗಿಲಿನ ಹಿಡಿಗೆ ಬಡಿದು, ಚಾವಣಿಗೆ ತಾಗಿ, ಬಂದ ದಾರಿಯಲ್ಲೇ ಕೆಳಗೆ ಬಿದ್ದು ಸಮುದ್ರದ ಪಾಲಾಯಿತು. ಪೈಲಟ್‌ಗಳು ವಿಮಾನವನ್ನು ಮನಿಲಾದಲ್ಲಿ ಇಳಿಸಿದರು, ಎಲ್ಲರೂ ಬದುಕಿದರು. ಅದೇ ಕಂತಿನ ಬೇರೆ ಸಿಲಿಂಡರುಗಳನ್ನು ತನಿಖಾಧಿಕಾರಿಗಳು ಪರೀಕ್ಷಿಸಿದರೂ ದೋಷ ಸಿಗಲಿಲ್ಲ. ಒಡೆದದ್ದೇ ಕೈಗೆ ಸಿಗದಿದ್ದುದರಿಂದ ಮೂಲ ಕಾರಣ ಖಚಿತವಾಗಲಿಲ್ಲ. ವಿಮಾನದಂಥ ಕಟ್ಟುನಿಟ್ಟಿನ ಜಾಗದಲ್ಲೇ ಹೀಗಾದರೆ, ಲಾರಿಯಿಂದ ಧೊಪ್ಪನೆ ಉರುಳಿಸಿದ ಸಿಲಿಂಡರಿನ ಗತಿಯೇನು?

ಬಟ್ಟೆ ಅಂಗಡಿಯವನು ಅಂಚಿಗೆ ಕತ್ತರಿಯನ್ನು ಒಮ್ಮೆ ತಾಗಿಸಿ ಎಳೆದರೆ ಬಟ್ಟೆ ಸರ್ರನೆ ಹರಿಯುತ್ತದೆ. ಎಳೆತದ ಬಲವೆಲ್ಲ ಆ ಸಣ್ಣ ಕಚ್ಚಿನ ತುದಿಯಲ್ಲಿ ಒಟ್ಟುಗೂಡುವುದೇ ಕಾರಣ. ಉಕ್ಕಿನ ಮೇಲಿನ ಆಳವಾದ ಗೀರು, ನೆಗ್ಗು, ತುಕ್ಕು ತಿಂದ ಗುಳಿ ಮಾಡುವ ಕೆಲಸವೂ ಇದೇ. ತುಂಬಿಸಿದಾಗಲೆಲ್ಲ ಗೋಡೆ ಒಂದಿಷ್ಟು ಹಿಗ್ಗುತ್ತದೆ, ಖಾಲಿಯಾದಾಗ ಕುಗ್ಗುತ್ತದೆ. ಬಿರುಕು ಕೂದಲೆಳೆಯಷ್ಟು ಬೆಳೆಯುತ್ತಾ ಹೋಗುತ್ತದೆ. ಮೇಲೆ ಹೊಸ ಬಣ್ಣ ಬಳಿದರೆ ಅದು ಬೂದಿ ಮುಚ್ಚಿದ ಕೆಂಡ. ಬೆಂಕಿಯ ಶಾಖ ತಗುಲಿದ ಸಿಲಿಂಡರಿನ ಬಲವೂ ಕುಗ್ಗಿರಬಹುದು. ಇನ್ನು ಬಿದ್ದ ಏಟಿಗೆ ಕವಾಟ ಮುರಿದರೆ ನ್ಯೂಟನ್ನನ ಮೂರನೆಯ ನಿಯಮ ಕಣ್ಣೆದುರೇ ನಡೆಯುತ್ತದೆ. ಅನಿಲ ಅತ್ತ, ಉಕ್ಕಿನ ಕೊಳವೆ ಇತ್ತ.

ಅದಕ್ಕೇ ಇಂಥ ಸಿಲಿಂಡರುಗಳನ್ನು ಸಾಮಾನ್ಯವಾಗಿ 5 ವರ್ಷಕ್ಕೊಮ್ಮೆ ನೀರು ತುಂಬಿ, ಬಳಕೆಯ ಒತ್ತಡಕ್ಕಿಂತ ಹೆಚ್ಚಿನ ಒತ್ತಡ ಕೊಟ್ಟು ಪರೀಕ್ಷಿಸುತ್ತಾರೆ. ನೀರೇ ಏಕೆ? ನೀರು ಅನಿಲದಂತೆ ಕುಗ್ಗುವುದಿಲ್ಲ, ಆದ್ದರಿಂದ ಗೋಡೆ ಒಡೆದರೂ ಅಷ್ಟು ರಭಸವಾಗಿ ಸಿಡಿಯುವುದಿಲ್ಲ. ಪರೀಕ್ಷೆಯ ದಿನಾಂಕವನ್ನು ಸಿಲಿಂಡರಿನ ಹೆಗಲ ಮೇಲೆ ಅಚ್ಚು ಒತ್ತಿರುತ್ತಾರೆ. ಅಡುಗೆ ಅನಿಲದ ಸಿಲಿಂಡರಿನ ಒತ್ತಡ ಇದಕ್ಕಿಂತ ಎಷ್ಟೋ ಕಡಿಮೆ, ಆದರೂ ಅದಕ್ಕೂ ಅವಧಿ ಉಂಟು. ಕತ್ತಿನ ಪಟ್ಟಿಯ ಒಳಬದಿಯಲ್ಲಿ ಎ, ಬಿ, ಸಿ, ಡಿ ಅಕ್ಷರಗಳಲ್ಲೊಂದು ಮತ್ತು ಇಸವಿಯ ಕೊನೆಯ ಎರಡು ಅಂಕಿಗಳಿರುತ್ತವೆ. ಎ ಎಂದರೆ ಮಾರ್ಚ್ ಕೊನೆ, ಬಿ ಜೂನ್, ಸಿ ಸೆಪ್ಟೆಂಬರ್, ಡಿ ಡಿಸೆಂಬರ್. ಅಷ್ಟರೊಳಗೆ ಮರುಪರೀಕ್ಷೆ ಆಗಬೇಕು. ದಿನ ಮೀರಿದ್ದರೆ, ನೆಗ್ಗಿದ್ದರೆ, ತುಕ್ಕು ಹಿಡಿದಿದ್ದರೆ ಬೇಡವೆಂದು ಹಿಂದಿರುಗಿಸಬಹುದು. ಓದು ಬಲ್ಲ ಯಾವ ಮಗುವೂ ಮಾಡಬಹುದಾದ ಕೆಲಸವಿದು.

ಜಾತ್ರೆಯ ಬಲೂನಿನ ಮಾತು ಬೇರೆ. ಕೆಲವೆಡೆ ಗುಜರಿಯ ಸಿಲಿಂಡರಿನೊಳಗೇ ಕಾಸ್ಟಿಕ್ ಸೋಡ, ಅಲ್ಯೂಮಿನಿಯಂ ಚೂರು ಮತ್ತು ನೀರು ಸೇರಿಸಿ ಜಲಜನಕ ತಯಾರಿಸುತ್ತಾರೆ. ಕ್ರಿಯೆಯಲ್ಲಿ ಶಾಖ ಹುಟ್ಟುತ್ತದೆ, ಒತ್ತಡ ಏರುತ್ತದೆ, ಎಷ್ಟೆಂದು ಅಳೆಯುವ ಮಾಪಕವಿರದು. ಗೋಡೆ ಯಾವ ಕಾಲದ್ದೋ! ಹೊಟ್ಟೆಪಾಡಿಗಾಗಿ ಅದರ ಪಕ್ಕದಲ್ಲೇ ದಿನವಿಡೀ ನಿಲ್ಲುವವನಿಗೇ ಮೊದಲ ಅಪಾಯ, ಸುತ್ತ ಮುತ್ತುವ ಮಕ್ಕಳಿಗೆ ಅನಂತರದ್ದು. ಮಗು ಹಟ ಮಾಡಿದರೆ ಬಾಯಿಂದ ಊದಿದ ಬಲೂನು ಕೊಡಿಸಿದರಾಯಿತು. ಅದು ಆಕಾಶಕ್ಕೆ ಹಾರುವುದಿಲ್ಲ ನಿಜ, ಆದರೆ ಮಗುವಿನ ಜೊತೆ ಮನೆಯವರೆಗೆ ಬರುತ್ತದೆ.