ಮಗುವಿನ ಶೌಚಾಭ್ಯಾಸ

ಅಕ್ಷರಾಭ್ಯಾಸಕ್ಕೆ ಪಂಚಾಂಗವನ್ನು ನೋಡಿ ಮುಹೂರ್ತವಿಡಿಸುವ ತಾಯಿತಂದೆಗಳು, ಅದಕ್ಕೂ ಮೊದಲೇ ಆಗಬೇಕಾದ ಶೌಚಾಭ್ಯಾಸಕ್ಕೆ ಮಾತ್ರ ಶಿಶುವಿಹಾರಕ್ಕೆ ಸೇರಿಸುವ ದಿನವನ್ನೇ ಮುಹೂರ್ತವೆಂದು ಬಗೆದಿರುವರು. ಇಬ್ಬರೂ ಉದ್ಯೋಗಕ್ಕೆ ಹೋಗುವ ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಗಳ ಮನೆಗಳಲ್ಲಿ ಇದನ್ನು ಕಾಣಬಹುದು. ಎರಡೂವರೆ ವರ್ಷ ಡಯಾಪರಿನಲ್ಲಿಯೇ ಬೆಳೆದ ಮಗುವನ್ನು, ಇನ್ನು ಹದಿನೈದೇ ದಿನವೆನ್ನುವಾಗ, ಕಮೋಡಿನ ಮೇಲೇರಿಸಿ "ಬೇಗ, ಬೇಗ" ಎನ್ನುವರು. ಕಾಲು ನೆಲಕ್ಕೆ ಮುಟ್ಟದೆ, ಬಿದ್ದೇನೆಂಬ ಭಯದಿಂದ ಅಂಚನ್ನು ಹಿಡಿದು ಕುಳಿತ ಮಗು ಏನು ಮಾಡೀತು? ಹಿಂದಿನವರು ಕಾಲು ಚಾಚಿ ಕುಳಿತು, ತಮ್ಮ ಪಾದಗಳ ಮೇಲೆ ಶಿಶುವನ್ನು ಕೂರಿಸುತ್ತಿದ್ದುದರಲ್ಲಿ ಆಧಾರವೂ ಅಭಯವೂ ಕೂಡಿದ್ದುವು. ಈಗ ಕಾಲೂರಲು ಒಂದು ಗಿಡ್ಡ ಸ್ಟೂಲನ್ನಾದರೂ ಇಡಬೇಕು.

ಪೀಣ್ಯದ ವಠಾರಗಳ ಕಷ್ಟವೇ ಬೇರೆ. ಹಲವು ಸಂಸಾರಗಳಿಗೆ ಒಂದೇ ಕಕ್ಕಸಿರುವೆಡೆ, ಪಾಳಿಗೆ ಹೊರಡುವವರ ಆತುರದಲ್ಲಿ ಮಗುವಿಗೆ ಸರದಿಯೆಲ್ಲಿಯದು? ಅಲ್ಲಿ ತಾಯಿಯನ್ನು ದೂರುವುದು ನ್ಯಾಯವಲ್ಲ.

ಎರಡೆಡೆಯಲ್ಲಿಯೂ ಮಗು ಕಲಿಯುವುದು ತಡೆದುಕೊಳ್ಳುವುದನ್ನು. ತಡೆದ ಮಲವು ಗಟ್ಟಿಯಾಗುವುದು, ಹೊರಬರುವಾಗ ನೋಯುವುದು, ಆ ನೋವಿಗೆ ಹೆದರಿ ಮಗು ಮತ್ತೆ ತಡೆಯುವುದು. ಕ್ರಮೇಣ ಕರುಳು ಹಿಗ್ಗಿ, ಅರಿವು ಮಂದವಾಗಿ, ಗಟ್ಟಿಮಲದ ಪಕ್ಕದಿಂದ ತೆಳುಮಲವು ಮಗುವಿಗೆ ತಿಳಿಯದಂತೆಯೇ ಚಡ್ಡಿಗೆ ಸೋರುವುದು. ಇದನ್ನು ಹಟವೆಂದು ಹೊಡೆಯುವವರುಂಟು. ನೆಂಟರೆದುರಿಗೆ ಹಂಗಿಸುವವರೂ ಉಂಟು. ಹಾಸನದ ಕಡೆಯಿಂದ ಬಂದ ಅಜ್ಜಿಯೊಬ್ಬರು, ಪರದೆಯ ಹಿಂದೆ ಕಾಲು ಹೆಣೆದು ನಿಂತಿದ್ದ ಮೊಮ್ಮಗನನ್ನು ಕಂಡು, ಗದರಿಸಹೊರಟ ಮಗಳಿಗೆ, "ಆಟ ಅಲ್ಲ ಕಣೇ, ತಡ್ಕೊತಿದಾನೆ" ಎಂದರಂತೆ. ವೈದ್ಯರು ಮಲವನ್ನು ಮೃದುಗೊಳಿಸುವ ಔಷಧವನ್ನು ತಿಂಗಳುಗಟ್ಟಲೆ ಕೊಡಬೇಕಾಯಿತು.

ವೇಗವು ಬಂದಾಗ ಬೇರೆ ಕಾರ್ಯದಲ್ಲಿ ತೊಡಗಬಾರದೆಂದೂ, ಬಾರದ ವೇಗವನ್ನು ಬಲಾತ್ಕಾರದಿಂದ ಬರಿಸಬಾರದೆಂದೂ ವಾಗ್ಭಟನು ಅಷ್ಟಾಂಗಹೃದಯದ ದಿನಚರ್ಯಾಧ್ಯಾಯದಲ್ಲಿ ವಿಧಿಸಿರುವನು. ಅಮೆರಿಕದ ಮಕ್ಕಳ ವೈದ್ಯ ಬ್ರೇಜಲ್‌ಟನ್ ಎಂಬವರು 1962ರಲ್ಲಿ 1,170 ಮಕ್ಕಳ ವೃತ್ತಾಂತವನ್ನು ಪ್ರಕಟಿಸಿ, ಮಗುವಿನ ಸಿದ್ಧತೆಯನ್ನು ಕಾದು ನಡೆಯಬೇಕೆಂದುದೂ ಇದಕ್ಕೆ ದೂರವಾದ ಮಾತಲ್ಲ. ಒಂದೆರಡು ಗಂಟೆ ಒದ್ದೆಯಾಗದಿರುವುದು, ಬಂದುದನ್ನು ಮಾತಿನಿಂದಲೋ ಮುಖದಿಂದಲೋ ತಿಳಿಸುವುದು, ಚಡ್ಡಿಯನ್ನು ತಾನೇ ಜಾರಿಸುವುದು, ಇವೇ ಸಿದ್ಧತೆಯ ಗುರುತುಗಳು. ಒಂದೂವರೆಯಿಂದ ಮೂರು ವರ್ಷದೊಳಗೆ ಬಹುಮಟ್ಟಿಗೆ ತೋರುವುವು. ಉಂಡೊಡನೆ ಕರುಳು ಚಲಿಸುವುದು ಸ್ವಭಾವವಾದುದರಿಂದ, ಊಟವಾದ ಮೇಲೆ ಐದು ನಿಮಿಷ ಕೂರಿಸುವುದು ಯುಕ್ತ. ಆಗದಿದ್ದರೆ ಸುಮ್ಮನೆ ಎಬ್ಬಿಸತಕ್ಕದ್ದು.

ರಾತ್ರಿಯ ವಿಷಯದಲ್ಲಂತೂ ಇನ್ನಷ್ಟು ತಾಳ್ಮೆ ಬೇಕು. ಐದನೆಯ ವರ್ಷದಲ್ಲಿಯೂ ನೂರಕ್ಕೆ ಸುಮಾರು 15 ಮಕ್ಕಳು ಹಾಸಿಗೆಯನ್ನು ನೆನೆಸುವುದುಂಟು. ಕೆಳಗೊಂದು ರಬ್ಬರ್ ಹಾಳೆಯನ್ನು ಹಾಸಿ, ಬೆಳಗ್ಗೆ ಆ ಮಾತನ್ನೆತ್ತದೆ ಬಟ್ಟೆಯನ್ನು ಬದಲಿಸಿದರಾಯಿತು.